ಆಟದೊಳಗಿನ ನೀತಿ: ಮೈಸೂರಿನ ಒಂದು ತರಗತಿ

ಸಾರ್ವಜನಿಕ ನೀತಿ ಮತ್ತು ವಿಡಿಯೋ ಗೇಮ್‌ಗಳ ಕುರಿತು ರಾಜ್ಯಶಾಸ್ತ್ರದ ಅಧ್ಯಾಪಕರೊಬ್ಬರು ಸರಸ್ವತಿಪುರಂನಲ್ಲಿ ನಡೆಸಿದ ನಾಲ್ಕು ವಾರಗಳ ತರಗತಿಗೆ ನಾನು ತುಸು ಅನುಮಾನದಿಂದಲೇ ಸೇರಿದ್ದೆ. ನಗರ ಕಟ್ಟಿ ಆಳುವ 1989ರ ಆಟ ‘ಸಿಮ್‌ಸಿಟಿ’ಯಲ್ಲಿ ತೆರಿಗೆ ಏರಿಸಿದರೆ ಜನ ಊರು ಬಿಡುತ್ತಾರೆಂಬುದು ನಿಸರ್ಗನಿಯಮವಲ್ಲ, ಆಟ ರೂಪಿಸಿದವರು ಆಯ್ದುಕೊಂಡ ಅರ್ಥಶಾಸ್ತ್ರ ಎಂಬುದನ್ನು ಅವರು ಆಡಿಯೇ ತೋರಿಸಿದಾಗ, ಚರ್ಚೆ ತಾನಾಗಿ ನಮ್ಮ ಪಾಲಿಕೆಯ ಆಸ್ತಿ ತೆರಿಗೆಗೆ ಹೊರಳಿತು. ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ಹೇರಿದ ನಿರ್ಬಂಧಗಳನ್ನು ಮರುವರ್ಷವೇ ಹೈಕೋರ್ಟ್ ರದ್ದುಪಡಿಸಿದ್ದನ್ನೂ, ಕೌಶಲ, ಅದೃಷ್ಟವೆಂಬ ಭೇದವೆಣಿಸದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯನ್ನೂ ಎದುರುಬದುರಾಗಿಟ್ಟು ಬೋಧಿಸಿದ ಮೂರನೆಯ ವಾರವೇ ನನ್ನ ಮಟ್ಟಿಗೆ ಶ್ರೇಷ್ಠ. ಕೊನೆಯ ವಾರ ಅವಸರವಾಯಿತು. ಇಪ್ಪತ್ತು ಮಂದಿಗೆ ಮೂರೇ ಕಂಪ್ಯೂಟರ್‌ಗಳಿದ್ದುದರಿಂದ ಹಲವರು (ನಾನೂ ಸೇರಿದಂತೆ) ನೋಡುಗರಾಗಿಯೇ ಉಳಿದೆವು. ಆದರೂ 800 ರೂಪಾಯಿಯ ಶುಲ್ಕ ಹೆಚ್ಚೆನಿಸಲಿಲ್ಲ.