ಮಗಳನ್ನು ಲಾ ಓದಿಸಬೇಕು ಅನ್ನುವವರಿಗೆ: ನಾವು ಸುತ್ತಿ ನೋಡಿದ ಕಾಲೇಜುಗಳು

ಗಂಗಾವತಿ ಕೋರ್ಟಿನಲ್ಲಿ ನಾಲ್ಕು ವರ್ಷದಿಂದ ಜೂನಿಯರ್ ವಕೀಲ ಆಗಿದ್ದೇನೆ. ಅದಕ್ಕೇ ಅಕ್ಕನ ಮಗಳು ಪಿಯುಸಿ ಮುಗಿಸಿ ಲಾ ಓದ್ತೀನಿ ಅಂದಾಗ ಕಾಲೇಜು ಹುಡುಕುವ ಕೆಲಸ ನನ್ನ ಹೆಗಲಿಗೆ ಬಿತ್ತು. ಅವಳಿಗೆ ಜಡ್ಜ್ ಆಗಬೇಕಂತೆ. ಭಾವನದು ಆರು ಎಕರೆ ಭತ್ತ, ತುಂಗಭದ್ರಾ ಎಡದಂಡೆ ಕಾಲುವೆ ನೀರೇ ಆಧಾರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋದಾಗಿನಿಂದ ಅವರಿಗೆ ಸಾಲ ಅಂದರೆ ಭಯ.

ಮೊದಲು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್. ಸೀಟು ಸಿಕ್ಕರೆ ಫೀ ಲಕ್ಷಗಳಲ್ಲಿದ್ದರೂ ಯೋಚನೆ ಮಾಡಬೇಡಿ, ಸಾಲ ಮಾಡಿ ಕಳಿಸಿ, ದೊಡ್ಡ ಲಾ ಫರ್ಮ್‌ಗಳು ಅಲ್ಲಿಗೇ ಬಂದು ಕೆಲಸ ಕೊಡುತ್ತವೆ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ 25ರಷ್ಟು ಸೀಟೂ ಇದೆ. ಆದರೆ ಅಲ್ಲಿಗೆ ಸೇರಲು ಬರೆಯಬೇಕಾದ ಕ್ಲಾಟ್ ಪ್ರವೇಶ ಪರೀಕ್ಷೆ ಬರೀ ಇಂಗ್ಲಿಷಿನಲ್ಲಿ. ಎರಡು ಗಂಟೆ, 120 ಪ್ರಶ್ನೆ, ಉದ್ದುದ್ದ ಪ್ಯಾರಾ ಓದಿ ಉತ್ತರಿಸಬೇಕು, ತಪ್ಪಾದರೆ ಕಾಲು ಮಾರ್ಕ್ಸ್ ಕಟ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ ಓದಿದ ನಮ್ಮ ಹುಡುಗಿ ಅರ್ಧ ಪೇಪರ್ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು. ಒಂದು ವರ್ಷ ಕೂತು ಮತ್ತೆ ಬರೀತೀಯಾ ಅಂದೆ, ಬೇಡ ಅಂದಳು.

ಆಮೇಲೆ ಬೆಂಗಳೂರಿನದೇ ಒಂದು ಪ್ರೈವೇಟ್ ಕಾಲೇಜು, ಹೆಸರು ಬೇಡ. ಗೇಟಿನಲ್ಲೇ ಕಾಫಿ ಕೊಟ್ಟರು. ನೇರವಾಗಿ ಎಸಿ ಇರುವ ಮೂಟ್ ಕೋರ್ಟ್ ಹಾಲಿಗೆ, ಅಂದರೆ ಹುಡುಗರು ವಾದ ಮಾಡಿ ಕಲಿಯುವ ಅಣಕು ಕೋರ್ಟಿಗೆ ಕರೆದುಕೊಂಡು ಹೋದರು. "ಮಾಮಾ, ಜಡ್ಜ್ ಖುರ್ಚಿದು ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದೇ ಇಲ್ಲಲ್ಲ" ಅಂತ ಹುಡುಗಿ ಕಿವಿಯಲ್ಲಿ ಹೇಳಿದಳು. ನಿಜ, ಅಲ್ಲಿ ಯಾರೂ ವಾದ ಮಾಡಿದ ಕಳೆಯೇ ಇರಲಿಲ್ಲ. ಕೈಗೆ ಕೊಟ್ಟ ಚೀಟಿಯಲ್ಲಿ ಮೊದಲ ವರ್ಷದ ಫೀ ಮಾತ್ರ, ಒಂದೂವರೆ ಲಕ್ಷ. ಮುಂದಿನ ನಾಲ್ಕು ವರ್ಷದ್ದು ಬರೆದು ಕೊಡಿ ಅಂದರೆ "ಸ್ವಲ್ಪ ಜಾಸ್ತಿ ಆಗಬಹುದು ಸರ್" ಅಂತ ನಕ್ಕರು. ಹಾಸ್ಟೆಲ್, ಪರೀಕ್ಷೆ ಫೀ, ಬ್ಲೇಜರ್ ಎಲ್ಲ ಬೇರೆ. ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ ಅಂತ ಕೇಳಿದ್ದಕ್ಕೆ ಗೋಡೆಯ ಮೇಲಿನ ಫೋಟೋ ತೋರಿಸಿದರು, ಅಷ್ಟೇ. ಐದಕ್ಕೆ ಒಂದು ಸ್ಟಾರ್, ಅದೂ ಕಾಫಿಗೆ.

ಜಡ್ಜ್ ಆಗಬೇಕು ಅನ್ನುವವರು ಇನ್ನೊಂದು ಲೆಕ್ಕ ಹಾಕಬೇಕು. ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿದೆ. ಅಂದರೆ ಐದು ವರ್ಷ ಓದು, ಮೇಲೆ ಮೂರು ವರ್ಷ ಕರಿ ಕೋಟು. ಆ ಮೂರು ವರ್ಷ ಸೀನಿಯರ್ ಏನು ಕೊಡ್ತಾರೆ ಅಂತ ನನ್ನನ್ನು ಕೇಳಿ. ಪೆಟ್ರೋಲಿಗೆ ಆಗುತ್ತೆ, ಕೆಲವು ತಿಂಗಳು ಅದಕ್ಕೂ ಆಗಲ್ಲ. ಸನ್ನದು, ಅಂದರೆ ವಕೀಲಿಕೆಯ ಲೈಸೆನ್ಸ್, ಪಡೆಯುವ ಫೀ 750 ರೂಪಾಯಿ ಮೀರಬಾರದು ಅಂತ 2024ರಲ್ಲೇ ತೀರ್ಪು ಬಂದಿದೆ, ಅದೇನೂ ಭಾರ ಅಲ್ಲ. ಆದರೆ ರೂಮ್ ಬಾಡಿಗೆ, ಊಟ, ಪುಸ್ತಕ ಎಲ್ಲ ಮನೆಯಿಂದಲೇ ಬರಬೇಕು. ಇದ್ದ ದುಡ್ಡೆಲ್ಲ ಕಾಲೇಜಿಗೆ ಸುರಿದರೆ ಆಗ ಏನು ಮಾಡೋದು? ಸಾಲ ಮಾಡಿದ್ದರೆ ಅದರ ಕಂತು ಬೇರೆ ಶುರುವಾಗಿರುತ್ತೆ.

ಡಿಗ್ರಿ ಊರಲ್ಲೇ ಮುಗಿಸಿ, ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಒಂದು ವರ್ಷ ಜಾಸ್ತಿ, ಖರ್ಚು ಎಲ್ಲಕ್ಕಿಂತ ಕಡಿಮೆ. ಅಕ್ಕನಿಗೆ ಇದೇ ಇಷ್ಟ ಇತ್ತು, ಮಗಳು ಒಪ್ಪಲಿಲ್ಲ.

ಕೊನೆಗೆ ಕೊಪ್ಪಳದಿಂದ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು. ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಹಳೇ ಕಾಲೇಜು. ಬಿಲ್ಡಿಂಗ್ ನೋಡಿದರೆ ಬೇಜಾರಾಗುತ್ತೆ, ಫ್ಯಾನು ಕಿರ್ ಅನ್ನುತ್ತೆ, ಆಫೀಸಿನವರು ಮೂರು ಸಲ ಕೂಗಿದ ಮೇಲೆ ತಲೆ ಎತ್ತುತ್ತಾರೆ. ಆದರೆ ಲೈಬ್ರರಿಯಲ್ಲಿ ಹಳೇ ತೀರ್ಪಿನ ಸಂಪುಟಗಳ ಅಂಚು ಬೆರಳಾಡಿಸಿ ಕಪ್ಪಾಗಿತ್ತು, ಅದು ನೋಡಿ ನನಗೆ ಸಮಾಧಾನ. ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು. ಕೆಳಗಿನ ಕೋರ್ಟುಗಳಲ್ಲಿ ಸಾಕ್ಷಿ ಮಾತಾಡೋದು ಕನ್ನಡದಲ್ಲೇ ಅಲ್ವಾ! ಕೊಪ್ಪಳ, ಬಳ್ಳಾರಿಯ ಹೈಕೋರ್ಟ್ ಕೇಸುಗಳು ಹೋಗೋದು ಧಾರವಾಡ ಪೀಠಕ್ಕೆ, ಹುಬ್ಬಳ್ಳಿಯಿಂದ ಬಸ್ಸು ಹತ್ತಿದರೆ ಆಯ್ತು. ಫೀ ಮಾತಾಡುವಾಗ ಲಕ್ಷ ಅನ್ನುವ ಪದವೇ ಬರಲಿಲ್ಲ. ನಾಲ್ಕು ಸ್ಟಾರ್. ಆಫೀಸಿನವರಿಗೆ ಒಂದು ಕಟ್.

ಅಲ್ಲೇ ಸೇರಿಸಿದೆವು. ಉಳಿದ ದುಡ್ಡನ್ನು ಭಾವ ಬ್ಯಾಂಕಿನಲ್ಲಿಟ್ಟಿದ್ದಾರೆ, ವಕೀಲಿಕೆಯ ಆ ಮೂರು ವರ್ಷಕ್ಕೆ ಅಂತ. ಪುಸ್ತಕದ ಖರ್ಚೂ ಉಳಿಸೋಣ ಅಂತ ನನ್ನ ಹಳೇ ಐಪಿಸಿ, ಅಂದರೆ ದಂಡ ಸಂಹಿತೆಯ ಪುಸ್ತಕ ಕೊಡಲು ಹೋದೆ. "ಮಾಮಾ, ಐಪಿಸಿ ಹೋಗಿ ಈಗ ಬಿಎನ್‌ಎಸ್ ಬಂದಿದೆ" ಅಂತ ವಾಪಸ್ ಕೊಟ್ಟಳು.