ಮನೆ ಪೋರ್ಟ್ರೇಟ್‌ಗೆ ಯಾವ ಫ್ಲ್ಯಾಶ್? ಮೊನೊಲೈಟ್, ಸ್ಪೀಡ್‌ಲೈಟ್, ಬ್ಯಾಟರಿ ಸ್ಟ್ರೋಬ್ ಮೂರನ್ನೂ ಬಳಸಿ ನೋಡಿದ್ದು

ಫ್ಲ್ಯಾಶ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಪವರ್ ಎಷ್ಟಿದೆ?’ ಅಂತ. ಮನೆಯಲ್ಲಿ ಫೋಟೋ ತೆಗೆಯುವವರು ಇನ್ನೊಂದು ಪ್ರಶ್ನೆ ಮೊದಲು ಕೇಳಬೇಕು: ಪವರ್ ಎಷ್ಟು ಕೆಳಕ್ಕೆ ಇಳಿಯುತ್ತದೆ?

ಬನಶಂಕರಿಯ ನಮ್ಮ ಮನೆ ಹಾಲ್ 12 ಅಡಿಗೆ 14 ಅಡಿ. ಸೋಫಾ ಸರಿಸಿ, ಟೀಪಾಯಿ ರೂಮಿಗೆ ಸಾಗಿಸಿ, ಹಿಂದೆ ಬೂದು ಬಟ್ಟೆ ಕಟ್ಟಿದರೆ ಕೂತವರ ಮುಖಕ್ಕೂ ಸಾಫ್ಟ್‌ಬಾಕ್ಸ್‌ಗೂ (ಬೆಳಕು ಮೃದುವಾಗಲಿ ಅಂತ ಲೈಟಿನ ಮುಂದೆ ಹಾಕುವ ಬಟ್ಟೆಯ ಡಬ್ಬ) ನಡುವೆ ಉಳಿಯುವುದು ಮೂರೋ ನಾಲ್ಕೋ ಅಡಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಇಷ್ಟು ಹತ್ತಿರದಲ್ಲಿ ದೊಡ್ಡ ಲೈಟಿನಿಂದ ಅನುಕೂಲಕ್ಕಿಂತ ತಾಪತ್ರಯವೇ ಜಾಸ್ತಿ.

ಮೂರು ಬಗೆಯ ಲೈಟುಗಳಲ್ಲಿ ಕೆಲವನ್ನು ಬಾಡಿಗೆಗೆ ತಂದೆ, ಕೆಲವನ್ನು ಗೆಳೆಯರಿಂದ ಇಸ್ಕೊಂಡೆ. ಎಲ್ಲದಕ್ಕೂ ಅದೇ 90 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್, ಅದೇ ಸ್ಟ್ಯಾಂಡ್, ಅದೇ ಹಾಲ್.

ಮೊದಲು ಪ್ಲಗ್‌ಗೆ ಹಾಕುವ ಸ್ಟುಡಿಯೋ ಫ್ಲ್ಯಾಶ್, ಅಂದರೆ 400 ವ್ಯಾಟ್-ಸೆಕೆಂಡಿನ (ಒಂದು ಫ್ಲ್ಯಾಶಿನ ಶಕ್ತಿಯ ಅಳತೆ) ಮೊನೊಲೈಟ್. ಅದರ ಕನಿಷ್ಠ ಪವರ್ 1/16. ಅಂದರೆ 25 ವ್ಯಾಟ್-ಸೆಕೆಂಡ್. ಕೇಳಲು ಚಿಕ್ಕದು. ಆದರೆ ಒಂದು ಮೀಟರ್ ದೂರದಲ್ಲಿ, ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ) 100ರಲ್ಲಿ, ಅಷ್ಟಕ್ಕೇ ಎಫ್ 8ರ ಆಸುಪಾಸು ಬೇಕಾಯಿತು (ಎಫ್ ಅಂದರೆ ಲೆನ್ಸಿನ ತೂತಿನ ಅಳತೆ, ಸಂಖ್ಯೆ ದೊಡ್ಡದಾದಷ್ಟು ತೂತು ಚಿಕ್ಕದು). ಹಿನ್ನೆಲೆ ಮಸುಕಾಗಲಿ ಅಂತ ನನಗೆ ಬೇಕಿದ್ದದ್ದು ಎಫ್ 2.8. ಬೆಳಕು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು, ಹೆಚ್ಚು! ಶಟರ್ ಸ್ಪೀಡ್ ಏರಿಸಿದರೆ ಕಡಿಮೆಯಾಗುತ್ತದಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಫ್ಲ್ಯಾಶ್ ಬೆಳಗುವುದು ಶಟರ್ ತೆರೆದಿರುವ ಹೊತ್ತಿಗಿಂತ ತುಂಬಾ ಚಿಕ್ಕ ಕ್ಷಣ. ಶಟರ್ ಬದಲಾಯಿಸಿದರೆ ಬದಲಾಗುವುದು ಟ್ಯೂಬ್‌ಲೈಟಿನ ಬೆಳಕು ಮಾತ್ರ. ಸಿಂಕ್ ಸ್ಪೀಡ್, ಅಂದರೆ ಬಹುತೇಕ ಕ್ಯಾಮೆರಾಗಳಲ್ಲಿ 1/200 ಅಥವಾ 1/250, ದಾಟಿದರೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಹಾಗಾಗಿ ಲೆನ್ಸ್‌ಗೆ ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಎನ್‌ಡಿ8 ಫಿಲ್ಟರ್ ಹಾಕಬೇಕು. ಹಾಕಿದರೆ ವ್ಯೂಫೈಂಡರ್ ಮಂಕು, ಫೋಕಸ್ ತಡಕಾಟ.

ಅದಕ್ಕೆ ಒಳ್ಳೆಯ ಗುಣಗಳೂ ಇವೆ. ಒಳಗೆ ಸದಾ ಉರಿಯುವ ಮಾಡೆಲಿಂಗ್ ಲ್ಯಾಂಪ್ ಇರುವುದರಿಂದ ಮೂಗಿನ ನೆರಳು ಎಲ್ಲಿ ಬೀಳುತ್ತದೆ ಅಂತ ಮೊದಲೇ ಕಾಣುತ್ತದೆ. ಕ್ಲಿಕ್ ಮಾಡಿದ ಮರುಕ್ಷಣ ಮತ್ತೆ ಸಿದ್ಧ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಎರಡು ಸಾಲಲ್ಲಿ ಕೂತಾಗ ಎಫ್ 8 ಬೇಕೇ ಬೇಕು, ಲೈಟೂ ದೂರ ಹೋಗುತ್ತದೆ. ಅಲ್ಲಿ ಇದನ್ನು ಬೇರಾವುದೂ ಮೀರಿಸುವುದಿಲ್ಲ. ಆದರೆ ನಮ್ಮ ಮನೆಯ ಯುಪಿಎಸ್ ಲೈನ್ ಲೈಟು, ಫ್ಯಾನಿಗೆ ಮಾತ್ರ. ಕರೆಂಟ್ ಹೋದರೆ ಎಲ್ಲರೂ ಕಾಫಿ ಕುಡಿಯುತ್ತಾ ಕೂರಬೇಕು.

ಸ್ಪೀಡ್‌ಲೈಟ್, ಅಂದರೆ ಕ್ಯಾಮೆರಾ ತಲೆಯ ಮೇಲೂ ಕೂರುವ ಚಿಕ್ಕ ಫ್ಲ್ಯಾಶ್‌ಗೆ ನಾನು ಬಳಸಿದ್ದು ಗೊಡಾಕ್ಸ್ ಟಿಟಿ600. ನಾಲ್ಕು ಎಎ ಸೆಲ್, ಟಿಟಿಎಲ್ (ಪವರ್ ತಾನೇ ಲೆಕ್ಕ ಹಾಕುವ ವ್ಯವಸ್ಥೆ) ಇಲ್ಲ, ಮೂರರಲ್ಲಿ ಅತಿ ಅಗ್ಗ. ಪವರ್ 1/128ಕ್ಕೆ ಇಳಿಯುತ್ತದೆ, ಎಫ್ 2.8 ಆರಾಮಾಗಿ ಸಿಗುತ್ತದೆ. ಒಬ್ಬರ ಮುಖದ ಫೋಟೋಗೆ ಅರ್ಧ ಪವರ್ ಕೂಡ ಬೇಕಾಗಲಿಲ್ಲ. ತೊಂದರೆ ಬೇರೆ ಕಡೆ. ಇದರ ಬೆಳಕು ನೇರ ಮುಂದಕ್ಕೆ ಹೋಗುವುದರಿಂದ ಸಾಫ್ಟ್‌ಬಾಕ್ಸಿನ ನಡುವೆ ಜೋರಾಗಿ, ಅಂಚಲ್ಲಿ ಮಂಕಾಗಿ ಕಾಣುತ್ತದೆ. ಒಳಗೆ ಇನ್ನೊಂದು ಬಿಳಿ ಬಟ್ಟೆ ಬೇಕು, ಇಲ್ಲವೇ ಬೆಳಕು ಹರಡುವ ಅಂಬ್ರೆಲಾಗೆ ಹೊಡೆಸಬೇಕು. ಫುಲ್ ಪವರ್‌ನಲ್ಲಿ ಮತ್ತೆ ಚಾರ್ಜ್ ಆಗಲು ಎರಡು ಮೂರು ಸೆಕೆಂಡ್. ಮಕ್ಕಳು ಅಷ್ಟು ಹೊತ್ತು ನಗುವುದಿಲ್ಲ. ಸಾಮಾನ್ಯ ಆಲ್ಕಲೈನ್ ಸೆಲ್ ಬಿಟ್ಟು ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಫ್ಲ್ಯಾಶ್ ಮತ್ತೆ ಬೇಗ ಸಿದ್ಧವಾಗುತ್ತದೆ.

ಬ್ಯಾಟರಿ ಸ್ಟ್ರೋಬ್, ಅಂದರೆ ಪ್ಲಗ್ ಬೇಡದೆ ಬ್ಯಾಟರಿಯಲ್ಲೇ ನಡೆಯುವ ಜೋರಾದ ಫ್ಲ್ಯಾಶ್‌ಗೆ ಬಳಸಿದ್ದು ಗೊಡಾಕ್ಸ್ ಎಡಿ200. 200 ವ್ಯಾಟ್-ಸೆಕೆಂಡ್, ಕೆಳಗೆ 1/128, ಅಂದರೆ ಒಂದೂವರೆ ವ್ಯಾಟ್-ಸೆಕೆಂಡ್. ಮೇಲಕ್ಕೂ ಸಾಕು, ಕೆಳಕ್ಕೂ ಸಾಕು. ಎಲ್ಲ ಕಡೆಗೂ ಬೆಳಕು ಚೆಲ್ಲುವ ಬೇರ್ ಬಲ್ಬ್ ಹೆಡ್ ಹಾಕಿದರೆ ಸಾಫ್ಟ್‌ಬಾಕ್ಸ್ ಮೂಲೆ ಮೂಲೆಗೂ ತುಂಬುತ್ತದೆ. ಒಂದು ಚಾರ್ಜಿಗೆ ಕಂಪನಿ ಹೇಳುವ ಲೆಕ್ಕ 500 ಫುಲ್ ಪವರ್ ಫ್ಲ್ಯಾಶ್. ಮನೆಯಲ್ಲಿ ಅಷ್ಟು ಪವರ್ ಬಳಸುವುದೇ ಇಲ್ಲ, ಹಾಗಾಗಿ ಬ್ಯಾಟರಿ ಚಿಂತೆ ಇಲ್ಲ. ವೈರಿಲ್ಲ. ಬೆಲೆ ನೋಡಿದರೆ ಮಾತ್ರ ಎದೆ ಝಲ್ ಅನ್ನುತ್ತದೆ.

‘ಸದಾ ಉರಿಯೋ ಎಲ್‌ಇಡಿ ತಗೊಂಡ್ರೆ ಸಾಕಲ್ವಾ, ಕಣ್ಣಿಗೆ ಕಾಣೋದೇ ಫೋಟೋದಲ್ಲಿ ಬರುತ್ತೆ’ ಅನ್ನುವವರೂ ಇದ್ದಾರೆ. ಲೆಕ್ಕ ಹಾಕಿ. 60 ವ್ಯಾಟಿನ ಎಲ್‌ಇಡಿ 1/125 ಸೆಕೆಂಡಿನಲ್ಲಿ ಖರ್ಚು ಮಾಡುವುದು ಅರ್ಧ ವ್ಯಾಟ್-ಸೆಕೆಂಡ್‌ಗಿಂತ ಕಡಿಮೆ. ಆ ಕೊರತೆ ತುಂಬಲು ಐಎಸ್‌ಓ ಏರಿಸಬೇಕು. ರಂಗಪ್ರವೇಶಕ್ಕೆ ತಯಾರಾಗಿದ್ದ ಪಕ್ಕದ ಮನೆ ಹುಡುಗಿಯ ಫೋಟೋ ಎರಡೂ ಬೆಳಕಲ್ಲಿ ತೆಗೆದೆ. ಎಲ್‌ಇಡಿ ಎದುರು ಅವಳು ಕಣ್ಣು ಕಿರಿದು ಮಾಡುತ್ತಿದ್ದಳು, ಮುದ್ರೆ ಬದಲಿಸುವಾಗ ಬೆರಳು ಅಲುಗಿದಂತೆ ಬಂತು. ಫ್ಲ್ಯಾಶ್‌ನಲ್ಲಿ ಜಡೆಬಿಲ್ಲೆಯ ಕಲ್ಲು ಕಲ್ಲೂ ಸ್ಪಷ್ಟ. ವಿಡಿಯೋ ಬೇಕಿದ್ದರೆ ಎಲ್‌ಇಡಿ ಸರಿ.

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಯಲ್ಲಿ ತೆಗೆಯುವವರಿಗೆ ಒಂದು ಮಾತು. ರೆಡ್ ಆಕ್ಸೈಡ್ ನೆಲ ನೋಡಲು ಚೆಂದ, ಆದರೆ ಅದರಿಂದ ಪುಟಿದ ಕೆಂಪು ಗದ್ದದ ಕೆಳಗೆ ಕೂರುತ್ತದೆ. ಎಷ್ಟು ದುಬಾರಿ ಲೈಟಾದರೂ ಇದು ತಪ್ಪದು. ನೆಲಕ್ಕೆ ಒಂದು ಬಿಳಿ ಪಂಚೆ ಹಾಸಿ.

ಇನ್ನು ಫ್ಲ್ಯಾಶ್ ಹೊಡೆಸುವ ದಾರಿಗಳು. ನನ್ನ ಪ್ರಕಾರ ಲೈಟಿಗಿಂತ ಮೊದಲು ತೀರ್ಮಾನ ಮಾಡಬೇಕಾದದ್ದು ಇದು.

ಕ್ಯಾಮೆರಾದಿಂದ ಲೈಟಿಗೆ ಎಳೆಯುವ ಸಿಂಕ್ ಕೇಬಲ್ ಅಗ್ಗ, ನಂಬಿಕಸ್ತ. ಆದರೆ ಮಕ್ಕಳು ಓಡಾಡುವ ಹಾಲಿನಲ್ಲಿ ಆ ವೈರು ಕಾಲಿಗೆ ಸಿಕ್ಕಿ ಸ್ಟ್ಯಾಂಡ್ ಬೀಳುವುದು ಬರೀ ಸಮಯದ ಪ್ರಶ್ನೆ. ಇನ್ನೊಂದು ಅಪಾಯವಿದೆ. ಮುಚ್ಚಿದ ಸ್ಟುಡಿಯೋಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಫ್ಲ್ಯಾಶ್‌ಗಳಲ್ಲಿ ಕೆಲವಕ್ಕೆ ಸಿಂಕ್ ವೋಲ್ಟೇಜ್ (ಕೇಬಲ್ ಮೂಲಕ ಕ್ಯಾಮೆರಾಗೆ ತಲುಪುವ ವೋಲ್ಟೇಜ್) 200 ದಾಟಿರುತ್ತದೆ. ನೇರ ಕೇಬಲ್ ಹಾಕಿದರೆ ಡಿಜಿಟಲ್ ಕ್ಯಾಮೆರಾದ ಸರ್ಕ್ಯೂಟ್ ಸುಟ್ಟುಹೋಗಬಹುದು.

ಆಪ್ಟಿಕಲ್ ಸ್ಲೇವ್‌ಗೆ ಖರ್ಚೇ ಇಲ್ಲ. ಒಂದು ಫ್ಲ್ಯಾಶ್ ನೋಡಿ ಇನ್ನೊಂದು ಹೊಡೆಯುತ್ತದೆ. ಬಿಳಿ ಗೋಡೆಯ ಸಣ್ಣ ಕೋಣೆಯಲ್ಲಿ ಇದು ತಪ್ಪುವುದೇ ಅಪರೂಪ. ಕ್ಯಾಮೆರಾದ ಫ್ಲ್ಯಾಶ್ ಟಿಟಿಎಲ್‌ನಲ್ಲಿದ್ದರೆ ಮುಂಚೆ ಒಂದು ಸಣ್ಣ ಫ್ಲ್ಯಾಶ್ ಬಿಡುತ್ತದೆ. ಸ್ಲೇವ್ ಅದಕ್ಕೇ ಹೊಡೆದು ಖಾಲಿಯಾಗುತ್ತದೆ. ಆಗ ಸ್ಲೇವ್‌ನಲ್ಲಿ ಎಸ್1 ಮೋಡ್ ಬಿಟ್ಟು, ಆ ಮೊದಲ ಫ್ಲ್ಯಾಶ್ ಲೆಕ್ಕಿಸದ ಎಸ್2 ಇಡಬೇಕು.

ನನಗೆ ಕೊನೆಗೆ ಒಪ್ಪಿಗೆಯಾದದ್ದು 2.4 ಗಿಗಾಹರ್ಟ್ಸ್ ರೇಡಿಯೋ ಟ್ರಿಗರ್, ಗೊಡಾಕ್ಸ್ ಎಕ್ಸ್2ಟಿ. ಹಳೆಯ 433 ಮೆಗಾಹರ್ಟ್ಸ್ ಅಗ್ಗದ ಟ್ರಿಗರ್‌ಗಳು ಬರೀ ‘ಹೊಡಿ’ ಅನ್ನುತ್ತವೆ. ಇದರಲ್ಲಿ ಕ್ಯಾಮೆರಾ ಬಳಿಯಿಂದಲೇ ಪ್ರತಿ ಲೈಟಿನ ಪವರ್ ಬದಲಿಸಬಹುದು. ಲೈಟು ಫ್ಯಾನಿನ ಎತ್ತರದಲ್ಲಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ. (ಫ್ಯಾನ್ ಸ್ವಿಚ್ ಆಫ್ ಮಾಡಿ ಅದರ ಮೇಲೆ ಟೇಪ್ ಅಂಟಿಸಿ. ಯಾರಾದರೂ ಸೆಖೆ ಅಂತ ಹಾಕಿಯೇ ಹಾಕುತ್ತಾರೆ.) ಅಪಾರ್ಟ್‌ಮೆಂಟಿನಲ್ಲಿ ವೈಫೈ ಕೂಡ ಇದೇ 2.4ರಲ್ಲಿ ಕಿಕ್ಕಿರಿದಿರುತ್ತದೆ. ಫ್ಲ್ಯಾಶ್ ತಪ್ಪಿದರೆ ಚಾನೆಲ್ ಬದಲಿಸಿ. ಲೈಟು ತೀರಾ ಹತ್ತಿರವಿದ್ದರೂ ತಪ್ಪಬಹುದು. ಅದಕ್ಕೆ ಮೆನುವಿನಲ್ಲಿ ದೂರವನ್ನು 0-30 ಮೀಟರ್‌ಗೆ ಇಡಬೇಕು. ಮಿರರ್‌ಲೆಸ್ ಕ್ಯಾಮೆರಾದವರು ಸೈಲೆಂಟ್ ಶಟರ್ ಆಫ್ ಮಾಡಿ. ಅದರಲ್ಲಿ ಬಹುತೇಕ ಕ್ಯಾಮೆರಾಗಳು ಫ್ಲ್ಯಾಶ್ ಹೊಡೆಸುವುದಿಲ್ಲ.

ಈಗ ನನ್ನ ಬಳಿ ಇರುವುದು ಎಕ್ಸ್2ಟಿ, ಮುಖಕ್ಕೆ ಎಡಿ200, ಹಿನ್ನೆಲೆಗೆ ಟಿಟಿ600. ದೊಡ್ಡ ಕುಟುಂಬ ಬಂದರೆ ಮೊನೊಲೈಟ್ ಬಾಡಿಗೆಗೆ. ದುಡ್ಡು ಕಡಿಮೆ ಇದ್ದರೆ ಟ್ರಿಗರ್, ಒಂದು ಟಿಟಿ600, ಒಂದು ಬಿಳಿ ಅಂಬ್ರೆಲಾ ಸಾಕು. ಆಮೇಲೆ ಎಡಿ200 ಕೊಂಡರೂ ಅದೇ ಟ್ರಿಗರ್ ನಡೆಯುತ್ತದೆ. ಟ್ರಿಗರ್ ಕೊಳ್ಳುವಾಗ ಡಬ್ಬದ ಮೇಲೆ ಹೆಸರಿನ ಕೊನೆಯ ಅಕ್ಷರ ನೋಡಿ: ಕ್ಯಾನನ್‌ಗೆ ಸಿ, ನಿಕಾನ್‌ಗೆ ಎನ್, ಸೋನಿಗೆ ಎಸ್.