ವಿಬ್-ರಿಬ್ಬನ್: ಮೂರು ವರ್ಷ ಆಡಿದ ಮೇಲೆ

ಲಂಡನ್ನಿನಿಂದ ಬಂದ ತಂಗಿ ಹಳೆಯ ಪ್ಲೇಸ್ಟೇಷನ್ ಜೊತೆಗೆ ‘ವಿಬ್-ರಿಬ್ಬನ್’ ಎಂಬ ವಿಡಿಯೊ ಆಟದ ಡಿಸ್ಕನ್ನೂ ಕೊಟ್ಟಾಗ ನಾನು ಮೊದಲು ಹುಡುಕಿದ್ದು ಮನೆಯ ಸಿ.ಡಿ. ಪೆಟ್ಟಿಗೆಯನ್ನು. ಈ ಆಟ ಶುರುವಾದ ಮೇಲೆ ಅದರ ಡಿಸ್ಕನ್ನೇ ತೆಗೆದಿಟ್ಟು ನಮ್ಮ ಹಾಡಿನ ಸಿ.ಡಿ. ಹಾಕಬಹುದು, ಆ ಹಾಡಿನಿಂದಲೇ ಅದು ದಾರಿ ಹೆಣೆಯುತ್ತದೆ. ಕಪ್ಪು ಪರದೆ, ನಡುಗುವ ಒಂದು ಬಿಳಿ ಗೆರೆ, ಅದರ ಮೇಲೆ ಮಗು ಗೀಚಿದಂತಿರುವ ವಿಬ್ರಿ ಎಂಬ ಮೊಲ. ಗೆರೆಯಲ್ಲಿ ಹಳ್ಳ, ಕಟ್ಟೆ, ಸುರುಳಿ, ಅಲೆ ಬಂದಾಗ ಹೊತ್ತಿಗೆ ಸರಿಯಾಗಿ ಅದರದರ ಗುಂಡಿ ಒತ್ತಿ ಮೊಲವನ್ನು ದಾಟಿಸಬೇಕು. ಅಷ್ಟೇ.

ಪೆಟ್ಟಿಗೆಯಲ್ಲಿ ನಲವತ್ತು ಸಿ.ಡಿ.ಗಳಿದ್ದವು. ಆಟ ಒಪ್ಪಿಕೊಂಡದ್ದು ಮೂರನ್ನು! ಉಳಿದವೆಲ್ಲ ಬಸ್ ನಿಲ್ದಾಣದ ಹೊರಗೆ ಕೊಂಡ, ಒಂದರಲ್ಲೇ ನೂರು ಹಾಡು ತುಂಬಿದ ಎಂಪಿ3 ಸಿ.ಡಿ.ಗಳು. 1999ರ ಈ ಆಟಕ್ಕೆ ಆಡಿಯೊ ಸಿ.ಡಿ. ಬಿಟ್ಟರೆ ಬೇರೇನೂ ಓದಲು ಬಾರದು. ಅದರದೇ ಹಾಡುಗಳು ಆರೇ ಆರು, ವಾರದಲ್ಲಿ ಸಾಕಾದವು. ಹೊಸ ಟಿ.ವಿ.ಯಲ್ಲಂತೂ ಚಿತ್ರ ಕೂದಲೆಳೆಯಷ್ಟು ತಡವಾಗಿ ಬಂದು, ಒತ್ತಿದ ಗುಂಡಿಯೆಲ್ಲ ತಪ್ಪು. ಸಿಟ್ಟಿಗೆ ಎಲ್ಲವನ್ನೂ ಅಟ್ಟಕ್ಕೆ ಸೇರಿಸಿದೆ.

ಅಟ್ಟದಲ್ಲಿಯೇ ಡಬ್ಬದಂಥ ಹಳೆಯ ಟಿ.ವಿ. ಇತ್ತು. ಮಳೆಗಾಲದ ಒಂದು ಭಾನುವಾರ ಆಟವನ್ನೂ ಅದನ್ನೂ ಕೆಳಗಿಳಿಸಿ ಜೋಡಿಸಿದೆ, ಚಿತ್ರ ತಡವಾಗಲಿಲ್ಲ. ಅಂದಿನಿಂದ ಒಂದು ಪದ್ಧತಿಯಾಗಿಬಿಟ್ಟಿದೆ: ಕಾಫಿ ಲೋಟವನ್ನು ದೂರ ಇಟ್ಟು, ಹಳೆಯ ಪಂಚೆಯ ಚೂರಿನಿಂದ ಸಿ.ಡಿ.ಯನ್ನು ನಡುವಿನಿಂದ ಅಂಚಿಗೆ ಒರೆಸಿ, ಕ್ಲಿಕ್ ಎನ್ನುವವರೆಗೆ ಮುಚ್ಚಳ ಒತ್ತುವುದು.

ಒಪ್ಪಿದ ಮೂರರಲ್ಲಿ ಒಂದು ವೀಣಾ ಕಛೇರಿ. ಆಲಾಪನೆಯಲ್ಲಿ ಮೊಲ ಬಹುಪಾಲು ಸುಮ್ಮನೆ ನಡೆಯುತ್ತದೆ, ಅಪರೂಪಕ್ಕೊಂದು ಹಳ್ಳ. ಮೃದಂಗವೊಂದೇ ನುಡಿಯುವ ತನಿ ಆವರ್ತನ ಬಂತೋ, ಹಳ್ಳದೊಳಗೆ ಸುರುಳಿ, ಕಟ್ಟೆಯ ಮೇಲೆ ಅಲೆ, ಎರಡೆರಡು ಗುಂಡಿ ಒಟ್ಟಿಗೆ. ತಪ್ಪು ಹೆಚ್ಚಾದರೆ ಮೊಲ ಕಪ್ಪೆಯಾಗುತ್ತದೆ, ಕಪ್ಪೆ ಹುಳವಾಗುತ್ತದೆ. ಸತತವಾಗಿ ಸರಿ ಒತ್ತಿದರೆ ಮತ್ತೆ ಮೊಲ. ಕೊನೆಗೆ ಬಂದ ಅಂಕಕ್ಕೆ ವಿಬ್ರಿ ಕೀರಲು ದನಿಯಲ್ಲಿ ಜಪಾನಿ ಹಾಡು ಹಾಡುತ್ತಾಳೆ, ಅದು ಎಷ್ಟೇ ಕಡಿಮೆಯಿರಲಿ.

ಇದನ್ನು ಮಾಡಿದ ಮಸಾಯ ಮತ್ಸುಉರ ಮೂಲತಃ ಸಂಗೀತಗಾರ. ಆ ಕಿವಿ ಇಲ್ಲಿ ಕಾಣುತ್ತದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಆರಿಸಿಕೊಂಡ ಮೊದಲ 14 ವಿಡಿಯೊ ಆಟಗಳಲ್ಲಿ ಇದೂ ಒಂದು. ಅಲ್ಲಿ ಯಾರೂ ಮೃದಂಗ ಹಾಕಿ ನೋಡಿರಲಿಕ್ಕಿಲ್ಲ ಎಂದು ನನ್ನ ಗುಮಾನಿ.

ಈಗ ಖಾಲಿ ಸಿ.ಡಿ. ಕೊಂಡು ಆಡಿಯೊ ಸಿ.ಡಿ.ಯಾಗುವಂತೆ ನಾನೇ ಹಾಡು ತುಂಬುತ್ತೇನೆ. ಖಾಲಿ ಸಿ.ಡಿ. ಸಿಗುವ ಅಂಗಡಿ ನಮ್ಮ ಬೀದಿಯಲ್ಲಿ ಒಂದೇ ಉಳಿದಿದೆ. ಅವರೂ ದೂಳು ಕೊಡವಿಯೇ ಕೊಡುತ್ತಾರೆ. ಹೊಸ ಟಿ.ವಿ. ಮಾತ್ರ ಇರುವವರು, ದಯವಿಟ್ಟು ಇದರ ತಂಟೆಗೆ ಹೋಗಬೇಡಿ.

ಅಮ್ಮ ಒಮ್ಮೆಯೂ ಗುಂಡಿ ಮುಟ್ಟಿದವಳಲ್ಲ. ಪಕ್ಕದಲ್ಲಿ ಕೂತು ತೊಡೆಯ ಮೇಲೆ ಆದಿತಾಳ ಹಾಕುತ್ತಾಳೆ. ಕಳೆದ ವಾರವೂ ಅಷ್ಟೇ, ತನಿ ಮುಗಿಸುವ ಕೋರ್ವೆಯ ಹೊತ್ತಿಗೆ ಪರದೆಯತ್ತ ನೋಡಿ, “ತಾಳ ಬಿಟ್ಟೆ ನೋಡು, ಮತ್ತೆ ಹುಳವಾಯಿತಲ್ಲೋ!” ಎಂದಳು.